ಉಂಡೂ ಹೋದಿರಿ, ಕೊಂದೂ ಹೋದಿರಿ

ಸಂಕ್ರಮಣದ ಮರುದಿನ ಮಲಪ್ರಭೆಯ ದಂಡೆಗೆ ಯಾರೂ ಹೋಗುವುದಿಲ್ಲ. ಹೋಗಬೇಕು. ಹಿಂದಿನ ದಿನ ಟ್ರ್ಯಾಕ್ಟರು, ಟಂಟಂ, ಕಾರು, ಮೋಟಾರ್ ಸೈಕಲ್ಲು ಏರಿ ಬಂದು, ಮೈಗೆ ಎಳ್ಳು-ಅರಿಷಿಣ ತಿಕ್ಕಿಕೊಂಡು ಪುಣ್ಯದ ಜಳಕ ಮಾಡಿ, ಹೊಟ್ಟೆ ಬಿರಿಯೆ ಉಂಡು, ಫೋಟೊ ಹೊಡೆಸಿಕೊಂಡು ಹೋದವರೆಲ್ಲ ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಬಂದು ನಿಲ್ಲಬೇಕು. ಹೆಂಗಸರು ಅರಿವೆ ಬಡಿದು ಬಡಿದು ನುಣುಪಾದ ಹಾಸುಗಲ್ಲು ಇರುತ್ತದಲ್ಲ, ಅದರ ಸಂದಿಯೊಳಗೆ ಶಾಂಪೂ ಪಾಕೀಟುಗಳು ಸಿಕ್ಕಿಕೊಂಡಿರುತ್ತವೆ. ತುದಿಯನ್ನು ಹಲ್ಲಿನಿಂದ ಹರಿದದ್ದು ಕಾಣುತ್ತದೆ. ಪಕ್ಕದಲ್ಲಿ ಸಾಬೂನಿನ ಕಾಗದ, ಗುಟ್ಕಾ ಚೀಟಿ, ಥರ್ಮಾಕೋಲಿನ ತಾಟು, ಅರ್ಧ ತಿಂದ ಶೇಂಗಾ ಹೋಳಿಗೆ. ಆ ಹೋಳಿಗೆಯ ಆಸೆಗೆ ಬಂದ ಆಕಳು ತಾಟನ್ನೂ ಸೇರಿಸಿ ಅಗಿಯುತ್ತಿರುತ್ತದೆ. ನೀರಿನ ಅಂಚಿನಲ್ಲಿ ಬಿಟ್ಟುಹೋದ ಹಳೆಯ ಸೀರೆ, ಬನಿಯನ್ನು, ಚಡ್ಡಿ. ಪಾಪ ಕಳೆದುಕೊಂಡವರು ಅದರ ಜೊತೆಗೆ ಚಡ್ಡಿಯನ್ನೂ ಹೊಳೆಗೆ ಒಪ್ಪಿಸಿ ಹೋಗಿದ್ದಾರೆ.

ಸಮುದ್ರ ನಮಗೆ ದೂರ. ದುಡ್ಡಿದ್ದವರು ಗೋವಾಕ್ಕೆ ಹೋಗುತ್ತಾರೆ, ಇನ್ನೂ ದುಡ್ಡಿದ್ದವರು ಮೆಕ್ಸಿಕೋದ ಯಾವುದೋ ದ್ವೀಪ ಹಿಡಿದುಕೊಂಡು ಪ್ರತಿ ವರ್ಷ ಅಲ್ಲಿಗೇ ಹೋಗಿ ಮೀನು ತಿಂದು, ಉಸುಕಿನಲ್ಲಿ ಬಿದ್ದುಕೊಂಡು, ಹಳೆಯ ಗೆಳೆಯರನ್ನು ಕಂಡು ಬರುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮಗೆ ಆ ಸುಖವೆಲ್ಲ ಹೊಳೆದಂಡೆಯಲ್ಲೇ ಸಿಕ್ಕಿದ್ದು. ಸಂಗೊಳ್ಳಿಯ ಹತ್ತಿರ, ನವಿಲುತೀರ್ಥದಲ್ಲಿ, ಮುನವಳ್ಳಿಯ ಸೇತುವೆಯ ಕೆಳಗೆ, ರಾಮದುರ್ಗದ ಹೊರಗೆ. ಹೊಳೆ ಬೇಡವೆಂದವರಿಗೆ ಸೊಗಲದ ಸೋಮೇಶ್ವರನ ಮುಂದಿನ ಜಲಪಾತ. ಪುಣೆಗೆ, ಬೆಂಗಳೂರಿಗೆ, ಇಚಲಕರಂಜಿಗೆ ದುಡಿಯಲು ಹೋದ ಗೆಳೆಯರು ದೀಪಾವಳಿಗೆ ಬರುತ್ತಾರೋ ಇಲ್ಲವೋ, ಸಂಕ್ರಮಣಕ್ಕೆ ಮಾತ್ರ ಬುತ್ತಿಯ ವಾಸನೆ ಹಿಡಿದು ಬಂದೇ ಬರುತ್ತಿದ್ದರು.

ಆ ಬುತ್ತಿಯ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಎಳ್ಳು ಮೆತ್ತಿದ ಸಜ್ಜಿ ರೊಟ್ಟಿ, ಕಡಕ್ ಜೋಳದ ರೊಟ್ಟಿ, ತುಂಬಗಾಯಿ ಬದನೆಕಾಯಿ ಪಲ್ಯ, ಮಡಕಿಕಾಳಿನ ಉಸುಳಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ, ಅದರ ಮೇಲೆ ಗಡಿಗೆಯ ಕೆನೆಮೊಸರು. ಸಿಹಿಗೆ ಶೇಂಗಾ ಹೋಳಿಗೆ, ಮಾದಲಿ, ಕರಿಗಡಬು. ಬದಿಗೆ ಗಜ್ಜರಿ, ಸೌತಿಕಾಯಿ, ಹಸಿ ಉಳ್ಳಾಗಡ್ಡಿ, ಯಾರದೋ ಹೊಲದಿಂದ ಕೇಳಿಯೋ ಕೇಳದೆಯೋ ಕಿತ್ತು ತಂದ ಕಡ್ಲಿಗಿಡ. ಒಬ್ಬರ ಮನೆಯ ಪಲ್ಯ ಇನ್ನೊಬ್ಬರ ತಾಟಿಗೆ ಬಂದೇ ಬರಬೇಕು. ಲಿಂಗಾಯತರ ಬುತ್ತಿ, ಕುರುಬರ ಬುತ್ತಿ, ಮುಸಲ್ಮಾನ ಗೆಳೆಯನ ಮನೆಯ ಬುತ್ತಿ ಒಂದೇ ಜಮಖಾನದ ಮೇಲೆ ಬಿಚ್ಚಿಕೊಳ್ಳುತ್ತಿದ್ದ ದಿನ ವರ್ಷದಲ್ಲಿ ಅದೊಂದೇ ಇತ್ತೇನೋ. ಇದೆಲ್ಲ ಬರುತ್ತಿದ್ದದ್ದು ಅರಿವೆಯ ಗಂಟಿನಲ್ಲಿ, ಸ್ಟೀಲಿನ ಡಬ್ಬಿಯಲ್ಲಿ, ಉಣ್ಣುತ್ತಿದ್ದದ್ದು ಮುತ್ತಲ ಎಲೆಯಲ್ಲಿ. ಉಂಡ ಎಲೆಯನ್ನು ದನ ತಿನ್ನುತ್ತಿತ್ತು, ಇಲ್ಲವೇ ಮಣ್ಣು ತಿನ್ನುತ್ತಿತ್ತು. ನಮ್ಮ ಹಿರಿಯರಿಗೆ ಪರಿಸರ ಪ್ರೇಮ ಉಕ್ಕಿ ಹರಿಯುತ್ತಿತ್ತೆಂದು ಇದನ್ನು ಹೇಳುತ್ತಿಲ್ಲ. ಅವರ ಕೈಗೆ ಪ್ಲಾಸ್ಟಿಕ್ ಸಿಕ್ಕಿರಲಿಲ್ಲ, ಅಷ್ಟೇ. ನಮ್ಮ ಕೈಗೆ ಸಿಕ್ಕಿತು, ಬುದ್ಧಿ ಸಿಗಲಿಲ್ಲ.

ಕಳೆದ ಸಲ ನವಿಲುತೀರ್ಥದಲ್ಲಿ ಒಂದು ದೊಡ್ಡ ಕಾರು ನೀರಿನ ಅಂಚಿನ ತನಕ ಬಂದು ನಿಂತಿತು. ಬಾಗಿಲು ನಾಲ್ಕೂ ತೆರೆದು ಡಿಜೆ ಹಾಡು ಹಚ್ಚಿ, ಒಳಗಿನವರು ಇಳಿದು ಉಂಡರು, ಕುಡಿದರು, ಬಾಟ್ಲಿಯನ್ನು ಬಂಡೆಗೆ ಗುರಿಯಿಟ್ಟು ಒಗೆದರು. ಅದು ಫಳ್ಳನೆ ಒಡೆದಾಗ ಚಪ್ಪಾಳೆ. ಹತ್ತಿರದಲ್ಲೇ ಸಣ್ಣ ಹುಡುಗರು ಬರಿಗಾಲಲ್ಲಿ ನೀರಾಡುತ್ತಿದ್ದರು. ನಮ್ಮ ಜೊತೆಗಿದ್ದ ಮಾಸ್ತರರು, ನಿವೃತ್ತರಾಗಿ ಬಹಳ ವರ್ಷವಾದವರು, ಎದ್ದು ಹೋಗಿ ಮೆಲ್ಲಗೆ ಹೇಳಿದರು: “ತಮ್ಮಾ, ಕೂಸುಗಳು ಓಡ್ಯಾಡತಾವ. ಆ ಗಾಜು ಆರಿಸಿಬಿಡ್ರಿ.” ಬಂದ ಉತ್ತರ: “ಯಾಕ್ರಿ ಕಾಕಾ, ಹೊಳಿ ನಿಮ್ಮಪ್ಪಂದೇನು?”

ಮಾಸ್ತರರು ಸಿಟ್ಟಾಗಲಿಲ್ಲ. “ಹೌದೋ ತಮ್ಮಾ, ನಮ್ಮಪ್ಪಂದ, ನಿಮ್ಮಪ್ಪಂದೂ ಹೌದು” ಎಂದು ತಾವೇ ಬಗ್ಗಿ ಗಾಜಿನ ಚೂರು ಆರಿಸತೊಡಗಿದರು. ಆ ಹುಡುಗರು ನೋಡುತ್ತ ನಿಂತರೇ ಹೊರತು ಒಬ್ಬನೂ ಬಗ್ಗಲಿಲ್ಲ. ಕಾರಿನ ಹಿಂದಿನ ಗಾಜಿನ ಮೇಲೆ ಸಂಗೊಳ್ಳಿ ರಾಯಣ್ಣನ ಚಿತ್ರ, ಕೈಯಲ್ಲಿ ಖಡ್ಗ. ರಾಯಣ್ಣನ ಊರು ಇದೇ ಹೊಳೆಯ ದಂಡೆಯ ಮೇಲಿದೆ ಎನ್ನುವುದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಇದನ್ನು ಕುಡುಕ ಹುಡುಗರ ತಲೆಗೆ ಕಟ್ಟಿ ನಾವೆಲ್ಲ ಕೈತೊಳೆದುಕೊಳ್ಳಬಹುದು. ಆದರೆ ಶಾಂಪೂ ಪಾಕೀಟು ಒಗೆದವರು ಕುಡಿದಿರಲಿಲ್ಲ. ಸೀರೆ ಬಿಟ್ಟವರು ಪುಣ್ಯಕ್ಕೆಂದು ಮಿಂದವರು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು ಮೊದಲು ಜೋಗುಳಭಾವಿಯಲ್ಲಿ ಮಿಂದು ಹೋಗುತ್ತಾರೆ. ಭಾರತ ಹುಣ್ಣಿಮೆಯ ಹೊತ್ತಿಗೆ ಹೋಗಿ ನೋಡಿ, ತಾಯಿಯ ಹೆಸರಿನಲ್ಲಿ ತಾಯಿಯ ಗುಡ್ಡವನ್ನೇ ಹೇಸಿಗೆ ಮಾಡಿರುತ್ತೇವೆ. “ಉಧೋ ಉಧೋ” ಎಂದ ಬಾಯಿಂದಲೇ ಪಿಚಕ್ಕೆಂದು ಮೆಟ್ಟಿಲ ಮೇಲೆ ಉಗುಳುತ್ತೇವೆ. 2024ರಲ್ಲಿ ಗುಡ್ಡದ ಅಭಿವೃದ್ಧಿಗೆಂದು ಕೇಂದ್ರ ಸರ್ಕಾರ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಕಟ್ಟಡ ಏಳಲಿ, ಬೇಡವೆನ್ನುವುದಿಲ್ಲ. ಆದರೆ ಕಕ್ಕಸು, ಚರಂಡಿ, ಕಸದ ಗಾಡಿ, ಮಿಂದವರ ಅರಿವೆ ಹಾಕಲು ಒಂದು ಜಾಗ ಇವು ಮೊದಲು ಆಗಲಿ. ಕಮಾನು ಆಮೇಲೆ ಕಟ್ಟಬಹುದು.

ಆದೇಶಕ್ಕೇನೂ ಬರವಿಲ್ಲ. ಪ್ಲಾಸ್ಟಿಕ್ ಚೀಲ, ತಾಟು, ಲೋಟಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿತು. ಕೇಂದ್ರದ ನಿಷೇಧ 2022ರ ಜುಲೈ 1ಕ್ಕೆ ಬಂತು. 2025ರ ಮಾರ್ಚಿನಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆಯವರು ತೀರ್ಥಕ್ಷೇತ್ರಗಳ ನದಿ-ಕೆರೆಗಳ 500 ಮೀಟರ್ ಒಳಗೆ ಸಾಬೂನು, ಶಾಂಪೂ ಮಾರಬಾರದು, ಬಟ್ಟೆ ಬಿಡಲು ಬಿಡಬಾರದು ಎಂದು ಅಧಿಕಾರಿಗಳಿಗೆ ಸೂಚಿಸಿದರು. ಒಳ್ಳೆಯ ಮಾತು. ಈಗ ಯಾವುದೇ ಸ್ನಾನಘಟ್ಟದ ಗೂಡಂಗಡಿಗೆ ಹೋಗಿ ಶಾಂಪೂ ಕೇಳಿ. ಅಂಗಡಿಯ ಮುಂದೆ ಸರಕ್ಕೆ ಸರವೇ ಜೋತಾಡುತ್ತಿರುತ್ತದೆ. ಅಂಗಡಿಯಾಕೆಯನ್ನು ಬೈಯಬೇಡಿ, ಆಕೆಗೆ ದಿನದ ದುಡಿಮೆ ಬೇಕು. ಆದೇಶ ಹೊರಡಿಸಿ ಅದರ ಬೆನ್ನು ಹತ್ತದವರನ್ನು ಬೈಯಿರಿ.

ಹೊರಗಿನವರು ಏನು ಮಾಡಿದರು ನೋಡಿ. ಫಿಲಿಪ್ಪೀನ್ಸ್‌ನ ಬೊರಾಕಾಯ್ ದ್ವೀಪದ ಸಮುದ್ರಕ್ಕೆ ಹೋಟೆಲುಗಳ ಗಟಾರು ನೀರು ಸೇರುತ್ತಿದೆಯೆಂದು 2018ರ ಏಪ್ರಿಲಿನಿಂದ ಆರು ತಿಂಗಳು ಇಡೀ ದ್ವೀಪವನ್ನೇ ಪ್ರವಾಸಿಗರಿಗೆ ಮುಚ್ಚಿದರು. ಥಾಯ್ಲೆಂಡಿನ ಮಾಯಾ ಕೊಲ್ಲಿಯನ್ನು ಅದೇ ವರ್ಷ ಮುಚ್ಚಿದವರು 2022ರ ಜನವರಿಯ ತನಕ ತೆರೆಯಲಿಲ್ಲ. ಪ್ರವಾಸಿಗರ ದುಡ್ಡಿನಲ್ಲೇ ಬದುಕುವ ಊರುಗಳು ಅವು, ಆದರೂ ಬಾಗಿಲು ಹಾಕಿದವು. ನಮ್ಮಲ್ಲಿ ಒಂದು ದಿನ ಸೇತುವೆಯ ಬಾಯಿಗೆ ನಾಲ್ಕು ಮಂದಿ ನಿಂತು “ಥರ್ಮಾಕೋಲ್ ಇಲ್ಲಿ ಇಳಿಸಿ ಹೋಗ್ರಿ” ಎನ್ನಲು ಆಗುವುದಿಲ್ಲವಂತೆ. ಸಿಬ್ಬಂದಿ ಕೊರತೆ. ಮಂತ್ರಿಗಳು ಬಂದ ದಿನ ಇದೇ ಸೇತುವೆಗೆ ಅಷ್ಟೊಂದು ಸಿಬ್ಬಂದಿ ಎಲ್ಲಿಂದ ಬರುತ್ತಾರೆ?

ಕಸ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದರ ಬಗ್ಗೆ ಸಿಟ್ಟು ಸುಲಭ. ಇನ್ನೊಂದು ನಾಶ ಕಾಣದಂತೆ ನಡೆದಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ 1970ರ ದಶಕದ ಮೊದಲಿಗೆ ನವಿಲುತೀರ್ಥದ ಕಣಿವೆಯಲ್ಲಿ ಅಣೆಕಟ್ಟು ಬಂತು. ಸುಮಾರು 37 ಟಿಎಂಸಿ ಹಿಡಿಯುವ ರೇಣುಕಾಸಾಗರ ಅದು. ಹೊಲಕ್ಕೆ ನೀರು ಬಂತು, ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಹೋಯಿತು, ಅದರ ಉಪಕಾರ ಮರೆಯುವುದಿಲ್ಲ. ಆದರೆ ಅಣೆಕಟ್ಟಿನ ಕೆಳಗೆ, ಮುನವಳ್ಳಿಯಿಂದ ರಾಮದುರ್ಗದ ತನಕ ಮತ್ತು ಅದರಾಚೆ, ವರ್ಷದ ಬಹುಕಾಲ ಹೊಳೆ ಹಳ್ಳವಾಯಿತು. ನೀರು ಹಿಂದೆ ಸರಿದಲ್ಲಿ ರಂಟೆ ಮುಂದೆ ಹೋಯಿತು. ಮೊದಲ ವರ್ಷ ಒಂದು ಸಾಲು, ಮುಂದಿನ ವರ್ಷ ಇನ್ನೊಂದು, ಆಮೇಲೆ ಪಂಪ್‌ಸೆಟ್ಟು, ಆಮೇಲೆ ಕಬ್ಬು. ಉಳಿದ ಪಾತ್ರದಲ್ಲಿ ಬಳ್ಳಾರಿ ಜಾಲಿ ಮತ್ತು ಆಪು ಬೆಳೆದವು. ಉಸುಕನ್ನು ರಾತ್ರೋರಾತ್ರಿ ಟಿಪ್ಪರುಗಳು ಹೊತ್ತವು. ಮೇಲಿನ ಊರುಗಳ ಗಟಾರು ಬಂದು ಕೂಡಿತು. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕರ್ನಾಟಕದ 17 ಕಲುಷಿತ ನದಿಗಳನ್ನು ಪಟ್ಟಿ ಮಾಡಿದಾಗ ಮಲಪ್ರಭೆಯ ಹೆಸರೂ ಅದರಲ್ಲಿತ್ತು. ಅಂದರೆ ಪುಣ್ಯಸ್ನಾನಕ್ಕೆ ನಾವು ಇಳಿಯುವುದು ಎಂಥ ನೀರಿಗೆ ಎಂದು ಸರ್ಕಾರವೇ ಬರೆದಿಟ್ಟಿದೆ.

2019ರ ಆಗಸ್ಟಿನಲ್ಲಿ ಹೊಳೆ ತನ್ನ ಹಳೆಯ ಹಾದಿ ಕೇಳಿತು. ಮೇಲೆ ಖಾನಾಪುರದ ಕಾಡಿನಲ್ಲಿ ಮಳೆ ಸುರಿಯಿತು, ಅಣೆಕಟ್ಟಿನ ಗೇಟು ತೆರೆದರು, ಹಾದಿ ಕಟ್ಟಿದ್ದರಿಂದ ನೀರು ಊರೊಳಗೆ ನುಗ್ಗಿತು. ಮುನವಳ್ಳಿ ಮುಳುಗಿತು, ರಾಮದುರ್ಗದ ಓಣಿಗಳು ಮುಳುಗಿದವು, ಹಂಪಿಹೊಳಿಯಂಥ ದಂಡೆಯ ಹಳ್ಳಿಗಳ ಮಣ್ಣಿನ ಮನೆಗಳು ಕುಸಿದವು. ಮಗ್ಗದ ಕುಣಿಯಲ್ಲಿ ನೀರು ನಿಂತ ನೇಕಾರರ ನಷ್ಟಕ್ಕೆ ಯಾವ ಪಂಚನಾಮೆಯೂ ಸಾಲಲಿಲ್ಲ. ಆಗ ಎಲ್ಲರೂ ಒಮ್ಮೆಲೇ ಒತ್ತುವರಿಯ ಮಾತಾಡಿದರು. ಸರ್ವೆ ಎಂದರು, ಗಡಿಕಲ್ಲು ಎಂದರು. ನೀರು ಇಳಿಯಿತು, ಮಾತೂ ಇಳಿಯಿತು. ಒತ್ತಿದವನು ಯಾರು ಎಂದು ಪ್ರತಿ ಹಳ್ಳಿಯ ಕಟ್ಟೆಗೂ ಗೊತ್ತು. ಅರ್ಧ ಎಕರೆ ಬಡವನನ್ನು ಎಬ್ಬಿಸಿ ಹತ್ತೆಕರೆ ಗೌಡನನ್ನು ಬಿಡುವ ಸರ್ವೆಯಾದರೆ ಅದು ಬೇಡ. ಮೊದಲ ಗಡಿಕಲ್ಲು ದೊಡ್ಡವರ ಕಬ್ಬಿನೊಳಗೆ ಬೀಳಲಿ.

ನೀರಿಗಾಗಿ ನಾವು ಪಟ್ಟ ಕಷ್ಟ ಸಣ್ಣದೇ? 1980ರ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ಗುಂಡು ಹಾರಿದ್ದು ಇದೇ ಮಲಪ್ರಭೆಯ ಕಾಲುವೆಯ ಲೆಕ್ಕಕ್ಕೆ. ನೀರೇ ಬಾರದ ಹೊಲಕ್ಕೆ ಅಭಿವೃದ್ಧಿ ಕರ ಹಾಕಿದ್ದಕ್ಕೆ ರೈತರು ಎದ್ದರು, ಸತ್ತರು. ಸವದತ್ತಿಯ ರೈತರೂ ಆ ಹೋರಾಟದಲ್ಲಿದ್ದರು. 2015ರಿಂದ ಮಹದಾಯಿಯ ನೀರನ್ನು ಮಲಪ್ರಭೆಗೆ ತರುವ ಕಳಸಾ-ಬಂಡೂರಿ ಯೋಜನೆಗಾಗಿ ಧರಣಿ ಕೂತೆವು, ಬಂದ್ ಮಾಡಿದೆವು, ಲಾಠಿ ತಿಂದೆವು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಮಲಪ್ರಭೆಗೆ ತಿರುಗಿಸಿಕೊಳ್ಳಲು ಕೊಟ್ಟದ್ದು 3.9 ಟಿಎಂಸಿ. ಅದೂ ಅನುಮತಿಗಳ ಗಂಟಿನಲ್ಲಿ ಸಿಕ್ಕಿಕೊಂಡಿತು. ಆ ನೀರು ಬರಲೇಬೇಕು, ಅದಕ್ಕಾಗಿ ನಾನೂ ಬೀದಿಯಲ್ಲಿ ಕೂತವನೇ. ಆದರೆ ಹೊರಗಿನ ಹೊಳೆಗಾಗಿ ಹೆದ್ದಾರಿ ತಡೆಯುವ ನಾವು ಮನೆಯ ಹೊಳೆಯೊಳಗೆ ಇಳಿದ ಟಿಪ್ಪರನ್ನು ಒಂದು ರಾತ್ರಿಯಾದರೂ ತಡೆದೆವೇ? ಮಹದಾಯಿಯ ನೀರು ಬಿಡಲೊಲ್ಲದ ಗೋವಾದವರು ಎದುರಿಗೆ ಬಂದು “ಇದ್ದ ಹೊಳೆಯನ್ನು ಏನು ಮಾಡಿದಿರಿ” ಎಂದು ಕೇಳಿದರೆ ಯಾವ ಮುಖದಿಂದ ಉತ್ತರ ಕೊಡುವುದು?

ಕಿತ್ತೂರಿನ ಕೋಟೆಗೆ ಹೋದಾಗಲೂ ನನಗೆ ಹೀಗೇ ಮೈ ಉರಿಯುತ್ತದೆ. 1824ರಲ್ಲಿ ರಾಣಿ ಚೆನ್ನಮ್ಮನ ಸೈನ್ಯ ಕಂಪನಿಯ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿತು, ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ಕೈಗೆ ಬಿತ್ತು, ಅರಮನೆ ಹಾಳಾಯಿತು. ಇದನ್ನು ಶಾಲೆಯ ಹುಡುಗನೂ ಒಪ್ಪಿಸುತ್ತಾನೆ. ಅವರು ಬಿಟ್ಟುಹೋದ ಮುರುಕು ಗೋಡೆಯ ಮೇಲೆ ಮೊಳೆಯಿಂದ ಹೃದಯ ಕೆತ್ತಿ, ಬಾಣ ಚುಚ್ಚಿ, ಹುಡುಗಿಯ ಹೆಸರು ಬರೆದವನು ಯಾವ ಕಂಪನಿ ಸರ್ಕಾರದವನು? ಅಕ್ಟೋಬರಿನಲ್ಲಿ ಉತ್ಸವ ಮಾಡಿ ಮರುದಿನ ಅಲ್ಲಿಯೂ ಇದೇ ಥರ್ಮಾಕೋಲ್.

ಇನ್ನು ಬೇಡಿಕೊಳ್ಳುವುದು ಸಾಕು. ಬರುವ ಜನವರಿಯಲ್ಲಿ ನಾವು ಬರುತ್ತೇವೆ, ಪುಣೆಯವರೂ ಬೆಂಗಳೂರಿನವರೂ ಬರುತ್ತಾರೆ. ಬುತ್ತಿಯ ಜೊತೆ ಗೋಣಿಚೀಲ ಇರುತ್ತದೆ. ಉಂಡಾದ ಮೇಲೆ ನಮ್ಮದಲ್ಲದ ಕಸವನ್ನೂ ಆರಿಸಿ ತುಂಬುತ್ತೇವೆ. ಕಾರಿನ ನಂಬರಿನ ಸಮೇತ ಯಾರು ಏನು ಒಗೆದರೆಂದು ಬರೆದಿಟ್ಟುಕೊಳ್ಳುತ್ತೇವೆ. ಆ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಇಳಿಸುತ್ತೇವೆ, ಜೊತೆಗೆ ಆದೇಶಗಳ ಪ್ರತಿ, ಒತ್ತುವರಿ ಸರ್ವೆಯ ಕಡತ ಎಲ್ಲಿದೆ ಎಂದು ಕೇಳುವ ಮಾಹಿತಿ ಹಕ್ಕಿನ ಅರ್ಜಿ. ಸಾಹೇಬರು ರಜೆಯಲ್ಲಿದ್ದರೆ ಕಾಯುತ್ತೇವೆ, ಉಳಿದ ರೊಟ್ಟಿ ಇರುತ್ತದೆ. ಸ್ವೀಕೃತಿಗೆ ಸಹಿ, ಶಿಕ್ಕೆ ಹಾಕಿಸಿಕೊಳ್ಳದೆ ಅಲ್ಲಿಂದ ಏಳುವವರಲ್ಲ.