ಬೆಂಕಿಯುಂಡೆ ಎಷ್ಟು ದೂರ ಹರಡೀತು?

ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಸುರಂಗ. ಅರವತ್ತು ಅಡಿ ದೂರದಲ್ಲಿ ರಾಕ್ಷಸರ ಗುಂಪು. ಮಾಂತ್ರಿಕನೊಬ್ಬ ಅವರತ್ತ ‘ಫೈರ್‌ಬಾಲ್’ ಮಂತ್ರ ಪ್ರಯೋಗಿಸುತ್ತಾನೆ. ರಾಕ್ಷಸರು ಸುಟ್ಟುಹೋದರು, ಸರಿ. ಮಾಂತ್ರಿಕನ ಗತಿ?

ಇದು ಚಂದಮಾಮದ ಕಥೆಯಲ್ಲ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಮೇಜಿನ ಸುತ್ತ ಏಳುವ ತಕರಾರು. ಪಗಡೆಯಂತೆ ಇಲ್ಲಿ ಕಾಯಿ ಹಣ್ಣುಮಾಡುವ ಪೈಪೋಟಿ ಇಲ್ಲ. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ ಕಥೆ ಬೆಳೆಸುತ್ತಾರೆ. ‘ಡಂಜನ್ ಮಾಸ್ಟರ್’ ಎಂಬಾತ ಕಥೆಗೆ ಸೂತ್ರಧಾರನೂ ಹೌದು, ಜಗಳಕ್ಕೆ ಪಂಚನೂ ಹೌದು. ಮಂತ್ರ ಏನು ಮಾಡಬಲ್ಲದೆಂಬುದನ್ನು ಪುಸ್ತಕ ಹೇಳುತ್ತದೆ. ಜಗಳ ಹುಟ್ಟುವುದೂ ಅಲ್ಲಿಯೇ.

1978ರ ಆಟಗಾರರ ಕೈಪಿಡಿಯಲ್ಲಿ ಈ ಬೆಂಕಿಯುಂಡೆಯ ಘನಫಲ ಸುಮಾರು 33,000 ಘನ ಅಡಿ ಎಂದಿತ್ತು. 20 ಅಡಿ ತ್ರಿಜ್ಯದ ಗೋಲದ ಘನಫಲ ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ಹಾಕಿ ನೋಡಿ. ಜಾಗ ಇಕ್ಕಟ್ಟಾದರೆ ಬೆಂಕಿ ಆ ಜಾಗದ ಆಕಾರವನ್ನೇ ತಾಳಿ ಅಷ್ಟೂ ಘನಫಲ ತುಂಬಬೇಕು. ಸುರಂಗದ ಅಡ್ಡಕೊಯ್ತದ ವಿಸ್ತೀರ್ಣ 100 ಚದರ ಅಡಿ. ಅಂದಮೇಲೆ ಬೆಂಕಿ 330 ಅಡಿ ಉದ್ದಕ್ಕೆ, ಎರಡೂ ಕಡೆ 165 ಅಡಿಯಂತೆ ನುಗ್ಗುತ್ತದೆ. ಅರವತ್ತು ಅಡಿಯಲ್ಲಿ ನಿಂತ ಮಾಂತ್ರಿಕ ತನ್ನ ಮಂತ್ರದಲ್ಲಿ ತಾನೇ ಬೇಯುತ್ತಾನೆ!

ವಿಜ್ಞಾನ ಓದಿದ ಆಟಗಾರ ಇಷ್ಟಕ್ಕೆ ಸುಮ್ಮನಿರುವನೆ? ಅದೇ ಕೈಪಿಡಿಯ ಪ್ರಕಾರ ಈ ಬೆಂಕಿ ಚಿನ್ನವನ್ನೂ ಕರಗಿಸುತ್ತದೆ. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮುಚ್ಚಿದ ಕೋಣೆಯ ಗಾಳಿ ಅಷ್ಟು ಕಾದರೆ ಒತ್ತಡ ನಾಲ್ಕು ಪಟ್ಟಿಗೂ ಮೀರಿ ಬಾಗಿಲು ಕಿತ್ತು ಹಾರಬೇಕು. ಆದರೆ ಹೇಳಿಕೊಳ್ಳುವಂಥ ಒತ್ತಡ ಉಂಟಾಗದೆಂದೂ ಅಲ್ಲೇ ಬರೆದಿದೆ. ಭೌತಶಾಸ್ತ್ರವನ್ನು ಊಟಕ್ಕೆ ಕರೆದು ಹೊಸ್ತಿಲಲ್ಲೇ ನಿಲ್ಲಿಸಿದ ಹಾಗೆ! ಪುಸ್ತಕ ಬಾಯಿಬಿಟ್ಟು ಹೇಳಿದ ಮೇಲೆ ಅನಿಲ ನಿಯಮ ತೋರಿಸಿ ವಾದಿಸುವುದು ಹಟವಷ್ಟೆ.

2000ನೇ ಇಸವಿಯ ಆವೃತ್ತಿ ಘನಫಲದ ಲೆಕ್ಕವನ್ನೇ ಕೈಬಿಟ್ಟು ಬೆಂಕಿಯನ್ನು 20 ಅಡಿಗೆ ನಿಲ್ಲಿಸಿತು. ಆಟ ಸರಾಗವಾಯಿತು; ಸುರಂಗದ ಭಯ ಹೋಯಿತು.

ಅಕ್ಷರಕ್ಕೇ ಜೋತುಬಿದ್ದರೂ ಕಷ್ಟ. 2014ರ ಆವೃತ್ತಿಯಲ್ಲಿ ಅದೃಶ್ಯನಾದವನಿಗೆ ಹೊಡೆಯುವಾಗ ದಾಳ ಎರಡು ಸಲ ಎಸೆದು ಕಡಿಮೆ ಬಿದ್ದುದನ್ನೇ ಒಪ್ಪಬೇಕಿತ್ತು. ಅದೃಶ್ಯರನ್ನು ಕಾಣಿಸುವ ಮಂತ್ರವೇನೋ ಇತ್ತು. ಅದರಿಂದ ಈ ತೊಡಕು ತಪ್ಪುತ್ತದೆಂದು ಮಾತ್ರ ಬರೆದಿರಲಿಲ್ಲ. ಕಣ್ಣೆದುರೇ ಕಂಡವನನ್ನೂ ಕಾಣದವನಂತೆಯೇ ಹೊಡೆಯಬೇಕು! 2024ರ ಪರಿಷ್ಕರಣೆಯಲ್ಲಿ ಇದು ಸರಿಹೋಯಿತು.

ಮೇಜಿನ ಮುಂದೆ ಕುಳಿತವರಿಗೆ ಹತ್ತು ವರ್ಷ ಕಾಯಲಾಗದು. ವರ್ಷಗಟ್ಟಲೆ ಸಾಕಿದ ಪಾತ್ರ ಒಂದು ವಾಕ್ಯದ ಅರ್ಥಕ್ಕೆ ಸತ್ತರೆ ಸ್ನೇಹವೂ ಹಳಸುತ್ತದೆ. ಆದ್ದರಿಂದ ಡಂಜನ್ ಮಾಸ್ಟರ್ ತೀರ್ಪು ಕೊಡಬೇಕಾದದ್ದು ಬೆಂಕಿ ಹೊತ್ತಿದ ಮೇಲಲ್ಲ, ಮೊದಲು. ‘ನೀನು ನಿಂತಲ್ಲಿಗೂ ಬೆಂಕಿ ಬರುತ್ತದೆ, ಮಂತ್ರ ಹಾಕುತ್ತೀಯಾ?’ ಎಂದು ಕೇಳಲಿ. ಮಂತ್ರ ಕಲಿತ ಮಾಂತ್ರಿಕನಿಗೆ ಅಷ್ಟಾದರೂ ಗೊತ್ತಿರಲೇಬೇಕಲ್ಲ.