ಶೀಟು ಸೊಟ್ಟಗೆ ಬಂದರೆ ರೋಲರ್ ಬಿಗಿ ಮಾಡಿದರೆ ಸಾಕೇ?

ಏಪ್ರಿಲ್, ಮೇ ತಿಂಗಳು ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಾಡಿನ ಕೆಲಸ ಜೋರು. ಮಳೆ ಹಿಡಿಯುವ ಮೊದಲು ಮನೆ, ಕೊಟ್ಟಿಗೆ, ಅಡಿಕೆ ಇಡುವ ಜಾಗ ಎಲ್ಲಕ್ಕೂ ಶೀಟು ಹೊದಿಸಿ ಮುಗಿಸಬೇಕು. ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಹುಲಿಕಲ್ ಹೊಸನಗರ ತಾಲ್ಲೂಕಿನಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಇಂಥ ಕಡೆ ಎರಡು ಶೀಟುಗಳ ಜೋಡಣೆಯಲ್ಲಿ ಒಂದು ಬೆರಳಷ್ಟು ವ್ಯತ್ಯಾಸವಾದರೂ ಸಾಕು, ಆರಿದ್ರಾ ಮಳೆಯ ಹೊತ್ತಿಗೆ ಒಳಗೆ ಪಾತ್ರೆ ಇಡಬೇಕಾಗುತ್ತದೆ.

ಸೋರಿದಾಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಮನೆಯವರು ಗೇಜ್ ಕಡಿಮೆ ಎನ್ನುತ್ತಾರೆ. ಮೇಸ್ತ್ರಿ ಶೀಟೇ ಸೊಟ್ಟ ಎನ್ನುತ್ತಾರೆ. ಶೀಟು ತಯಾರಿಸುವ ಘಟಕದವರು ಕಾಯಿಲ್ ಸರಿಯಿಲ್ಲ ಎಂದು ಹೇಳಿ, ಯಂತ್ರದ ರೋಲರ್‌ಗಳನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಇವುಗಳಲ್ಲಿ ಯಾವುದಾದರೂ ನಿಜ ಇರಬಹುದು. ಆದರೆ ಬಹಳಷ್ಟು ಸಲ ತಪ್ಪು ಇರುವುದು ಯಾರೂ ನೋಡದ ಜಾಗದಲ್ಲಿ, ಅಂದರೆ ತಗಡು ಮೊದಲ ರೋಲರ್‌ಗೆ ಹೋಗುವ ಮುಂಚಿನ ನಾಲ್ಕೈದು ಅಡಿಯಲ್ಲಿ. ಅಲ್ಲಿ ಏನು ನಡೆಯುತ್ತದೆ ಎಂದು ಈ ಲೇಖನದಲ್ಲಿ ನೋಡೋಣ.

ಹಂಚು ಕ್ಷಮಿಸುತ್ತಿತ್ತು, ಶೀಟು ಕ್ಷಮಿಸುವುದಿಲ್ಲ

ಮಲೆನಾಡಿನ ಮಾಡು ಮೊದಲು ಸೋಗೆ, ಹುಲ್ಲಿನದು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ನಿಧಾನವಾಗಿ ಘಟ್ಟದ ಮೇಲಕ್ಕೂ ಬಂತು. ಈಗ ಮಂಗಗಳು ಹಂಚು ಒಡೆಯುವ ಕಾಟ, ವರ್ಷವರ್ಷ ಕೈಯಾಡಿಸುವ ಖರ್ಚು, ಮರದ ಪಕಾಸಿಯ ಬೆಲೆ ಎಲ್ಲ ಸೇರಿ ಜನ ಶೀಟಿನ ಕಡೆ ತಿರುಗಿದ್ದಾರೆ.

ಹಂಚು ಸಣ್ಣ ತುಂಡು. ಒಂದು ಸ್ವಲ್ಪ ಸೊಟ್ಟಗಿದ್ದರೆ ಪಕ್ಕದ್ದನ್ನು ಸರಿಸಿ ಕೂರಿಸಬಹುದು. ಶೀಟು ಹಾಗಲ್ಲ. ಆರು ಮೀಟರ್ ಉದ್ದದ ಒಂದೇ ತುಂಡಿನಲ್ಲಿ ಒಂದು ತುದಿಯ ತಪ್ಪು ಇನ್ನೊಂದು ತುದಿಯವರೆಗೂ ಹೋಗುತ್ತದೆ. ಹಾಗಾಗಿ ಅದು ತಯಾರಾಗುವ ರೀತಿ ನಮಗೆ ಮುಖ್ಯ.

ಯಂತ್ರ ಕೆಲಸ ಮಾಡುವುದು ಹೇಗೆ?

ಚಪ್ಪಟೆ ತಗಡು ಕಾಯಿಲ್ ರೂಪದಲ್ಲಿ ಬರುತ್ತದೆ. ಅದನ್ನು ಒಂದು ಸ್ಟ್ಯಾಂಡಿಗೆ ಏರಿಸಿ ಬಿಚ್ಚುತ್ತಾ, ಎರಡು ಬದಿಯ ಗೈಡ್‌ಗಳ ನಡುವೆ ಹಾಯಿಸಿ, ಸಾಲಾಗಿ ನಿಂತ ಹತ್ತು ಇಪ್ಪತ್ತು ಜೋಡಿ ರೋಲರ್‌ಗಳೊಳಗೆ ಕಳಿಸುತ್ತಾರೆ. ಒಂದೊಂದು ಜೋಡಿಯೂ ತಗಡನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತದೆ. ಕೊನೆಗೆ ಉಬ್ಬು ತಗ್ಗಿನ ಶೀಟು ಹೊರಬರುತ್ತದೆ, ಕಟರ್ ಅದನ್ನು ಬೇಕಾದ ಉದ್ದಕ್ಕೆ ಕತ್ತರಿಸುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. 1,220 ಮಿ.ಮೀ. ಅಗಲ, 0.47 ಮಿ.ಮೀ. ದಪ್ಪದ ಉಕ್ಕಿನ ತಗಡು ಮೀಟರಿಗೆ ಸುಮಾರು 4.5 ಕೆ.ಜಿ. ತೂಗುತ್ತದೆ. 5 ಟನ್ ಕಾಯಿಲ್ ಅಂದರೆ ಸುಮಾರು 1,100 ಮೀಟರ್ ತಗಡು. ಇಷ್ಟು ಭಾರ ಒಮ್ಮೆ ತಿರುಗಲು ಶುರುಮಾಡಿದರೆ ಯಂತ್ರ ನಿಂತರೂ ತಾನು ನಿಲ್ಲುವುದಿಲ್ಲ. ಸ್ಟ್ಯಾಂಡಿನ ಬ್ರೇಕ್ ಸಡಿಲವಿದ್ದರೆ ತಗಡು ಹೆಚ್ಚಾಗಿ ಬಿಚ್ಚಿ ಜೋತುಬೀಳುತ್ತದೆ, ಅತ್ತಿತ್ತ ಜರುಗುತ್ತದೆ. ತೀರಾ ಬಿಗಿಯಿದ್ದರೆ ರೋಲರ್ ಎಳೆದಾಗ ಜಾರುತ್ತದೆ.

ನಂಬಿಕೆ: ರೋಲರ್ ಬಿಗಿ ಮಾಡಿದರೆ ಶೀಟು ನೇರವಾಗುತ್ತದೆ

ವಾಸ್ತವ: ಹೆಚ್ಚಿನ ಸಲ ಇದರಿಂದ ತೊಂದರೆ ಹೆಚ್ಚುತ್ತದೆ.

ಚಪಾತಿ ಲಟ್ಟಿಸುವಾಗ ಒಂದು ಬದಿಗೆ ಹೆಚ್ಚು ಒತ್ತಿದರೆ ಆ ಬದಿ ಹರಡಿ ದೊಡ್ಡದಾಗುತ್ತದೆ ಅಲ್ಲವೇ? ತಗಡಿಗೂ ಅದೇ ಆಗುತ್ತದೆ. ರೋಲರ್‌ಗಳ ನಡುವಿನ ಸಂದು ಒಂದು ಕಡೆ ಬಿಗಿಯಾದರೆ ಆ ಅಂಚು ಒತ್ತಿಸಿಕೊಂಡು ಉದ್ದವಾಗುತ್ತದೆ. ಒಂದು ಅಂಚು ಉದ್ದ, ಇನ್ನೊಂದು ಗಿಡ್ಡ ಆದಾಗ ಶೀಟು ಗಿಡ್ಡ ಅಂಚಿನ ಕಡೆಗೆ ಬಾಗುತ್ತದೆ ಅಥವಾ ಉದ್ದವಾದ ಅಂಚು ಅಲೆ ಅಲೆಯಾಗುತ್ತದೆ. ಇದನ್ನು ಸರಿಮಾಡಲು ಇನ್ನೊಂದು ಬದಿಯನ್ನೂ ಬಿಗಿ ಮಾಡುತ್ತಾರೆ. ಬಣ್ಣ ಕೆರೆಯುತ್ತದೆ, ಸತುವಿನ ಲೇಪನ ಏಳುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಲೇಪನ ಹೋದ ಜಾಗದಲ್ಲಿ ತುಕ್ಕು ಹಿಡಿಯಲು ಮಲೆನಾಡಿನ ಒಂದೆರಡು ಮಳೆಗಾಲ ಸಾಕು.

ಹಾಗಾದರೆ ಎಲ್ಲಿಂದ ನೋಡಬೇಕು?

ತಗಡು ಸಾಗುವ ದಿಕ್ಕಿನಲ್ಲೇ, ಕಾಯಿಲ್‌ನಿಂದ ಶುರುಮಾಡಬೇಕು. ರೋಲರ್ ಸಂದಿಗೆ ಕೈಹಾಕುವುದು ಕೊನೆಗೆ.

1. ಸ್ಟ್ಯಾಂಡ್: ಕಾಯಿಲ್‌ನ ಮಧ್ಯಭಾಗ ಯಂತ್ರದ ಮಧ್ಯಭಾಗಕ್ಕೆ ನೇರವಾಗಿದೆಯೇ? ಒಂದು ದಾರ ಎಳೆದು ನೋಡಿದರೆ ಗೊತ್ತಾಗುತ್ತದೆ. ನೆಲ ಕುಸಿದು ಸ್ಟ್ಯಾಂಡ್ ಒಂದು ಕಡೆ ವಾಲಿದ್ದರೆ ಲೆವೆಲ್ ಪಟ್ಟಿ ಹೇಳುತ್ತದೆ.

2. ಬ್ರೇಕ್: ಯಂತ್ರ ನಿಂತಾಗ ಕಾಯಿಲ್ ಕೂಡ ನಿಲ್ಲಬೇಕು. ಓಡುವಾಗ ತಗಡು ಎಳೆದ ಹಗ್ಗದಂತೆ ಬಿಗಿಯಾಗಿರಬಾರದು, ನೆಲ ಮುಟ್ಟುವಂತೆ ಜೋತುಬೀಳಲೂಬಾರದು.

3. ಗೈಡ್: ಎರಡೂ ಬದಿಯ ಗೈಡ್‌ಗಳು ಅಂಚನ್ನು ಹಗುರವಾಗಿ ಮುಟ್ಟಬೇಕು. ಸಡಿಲವಾದರೆ ತಗಡು ಅಲೆದಾಡುತ್ತದೆ, ಬಿಗಿಯಾದರೆ ಅಂಚು ಮಡಚುತ್ತದೆ.

4. ಮೊದಲ ರೋಲರ್: ಮೇಲಿನದು, ಕೆಳಗಿನದು ಸಮಾನಾಂತರವಾಗಿವೆಯೇ? ಇಲ್ಲಿ ತಪ್ಪಿದ್ದನ್ನು ಮುಂದಿನ ರೋಲರ್‌ಗಳು ತಿದ್ದುವುದಿಲ್ಲ, ಅದೇ ತಪ್ಪನ್ನು ಇನ್ನಷ್ಟು ಗಟ್ಟಿಯಾಗಿ ಅಚ್ಚೊತ್ತುತ್ತವೆ.

ತಪ್ಪು ಯಂತ್ರದ್ದೋ ಕಾಯಿಲ್‌ನದೋ ಎಂಬ ಜಗಳಕ್ಕೂ ಸುಲಭದ ಪರೀಕ್ಷೆ ಇದೆ. ಯಂತ್ರದಲ್ಲಿ ಏನನ್ನೂ ಬದಲಿಸದೆ ಅದೇ ಅಳತೆಯ ಬೇರೆ ಕಾಯಿಲ್ ಹಾಕಿ ಓಡಿಸಬೇಕು. ತೊಂದರೆ ಹಾಗೇ ಉಳಿದರೆ ಯಂತ್ರವನ್ನು ನೋಡಬೇಕು, ಹೋದರೆ ಹಳೆಯ ಕಾಯಿಲ್ ಅನ್ನು.

1 ಮಿ.ಮೀ. 9 ಆಗುವುದು ಹೇಗೆ?

ಕಾಯಿಲ್‌ನ ತಗಡೇ ಸ್ವಲ್ಪ ಬಾಳೆಕಾಯಿಯಂತೆ ಬಾಗಿರುವುದುಂಟು. ಎರಡು ಮೀಟರ್ ತುಂಡಿನಲ್ಲಿ ಈ ಬಾಗು ಬರೀ 1 ಮಿ.ಮೀ. ಇದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಬಾಗು ಉದ್ದದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಉದ್ದ ಮೂರು ಪಟ್ಟಾದರೆ ಬಾಗು ಒಂಬತ್ತು ಪಟ್ಟು. ಅಂದರೆ ಆರು ಮೀಟರ್ ಶೀಟಿನಲ್ಲಿ 9 ಮಿ.ಮೀ. ‘ಸ್ಯಾಂಪಲ್ ತುಂಡು ಚೆನ್ನಾಗಿತ್ತು, ಮಾಡಿಗೆ ಏರಿಸಿದ ಮೇಲೆ ಕೂರುತ್ತಿಲ್ಲ’ ಎಂಬ ದೂರಿನ ಹಿಂದೆ ಮೋಸವೇ ಇರಬೇಕೆಂದಿಲ್ಲ, ಈ ಗಣಿತವೂ ಇರಬಹುದು.

ತಗಡು ಮಧ್ಯ ಬಿಟ್ಟು 5 ಮಿ.ಮೀ. ಪಕ್ಕಕ್ಕೆ ಹೋದರೂ ಹೀಗೆಯೇ. ಒಂದು ಅಂಚಿನಲ್ಲಿ 5 ಮಿ.ಮೀ. ಹೆಚ್ಚು, ಇನ್ನೊಂದರಲ್ಲಿ ಅಷ್ಟೇ ಕಡಿಮೆ. ಕಡಿಮೆಯಾದ ಕಡೆ ಪಕ್ಕದ ಶೀಟಿನ ಮೇಲೆ ಹೊದಿಕೆ ಸಾಲುವುದಿಲ್ಲ. ಎರಡು ತಗಡುಗಳ ನಡುವಿನ ಸಣ್ಣ ಸಂದಿನಲ್ಲಿ ನೀರು ತಾನಾಗಿ ಮೇಲೇರಬಲ್ಲದು, ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ. ಗಾಳಿ ಮಳೆ ಸೇರಿದರೆ ಅದು ಒಳಗೆ ಇಳಿಯುತ್ತದೆ.

ಉದ್ದ ತಪ್ಪಿದರೆ?

ತಗಡಿನ ಮೇಲೆ ಉರುಳುವ ಒಂದು ಸಣ್ಣ ಚಕ್ರ ಉದ್ದವನ್ನು ಎಣಿಸುತ್ತದೆ. ಎಲ್ಲ ಶೀಟುಗಳೂ ಒಂದೇ ಪ್ರಮಾಣದಲ್ಲಿ ಗಿಡ್ಡ ಬಂದರೆ ಚಕ್ರ ಸವೆದಿರಬಹುದು. ವ್ಯಾಸ ನೂರಕ್ಕೆ ಒಂದು ಭಾಗ ಸವೆದರೆ ಆರು ಮೀಟರಿಗೆ 60 ಮಿ.ಮೀ. ಗಿಡ್ಡವಾಗುತ್ತದೆ. ಒಂದೊಂದು ಶೀಟು ಒಂದೊಂದು ರೀತಿ ಉದ್ದ ಬಂದರೆ ಚಕ್ರ ಜಾರುತ್ತಿದೆ ಎಂದರ್ಥ, ಏಕೆಂದರೆ ತಗಡು ಸಾಗಿದರೂ ಎಣಿಕೆ ಆಗಿರುವುದಿಲ್ಲ.

ಜಾರುವುದಕ್ಕೆ ನಮ್ಮ ಕಡೆಯ ಹವೆಯೂ ಕಾರಣ. ರಾತ್ರಿ ತಣ್ಣಗಾದ ಕಾಯಿಲ್ ಮೇಲೆ ಬೆಳಗಿನ ತೇವದ ಗಾಳಿ ನೀರಾಗಿ ಕೂರುತ್ತದೆ. ಸುತ್ತುಗಳ ನಡುವೆ ನೀರು ನಿಂತರೆ ಬಿಳಿ ತುಕ್ಕು ಬರುತ್ತದೆ. ಕಾಯಿಲ್ ಅನ್ನು ನೆಲದಿಂದ ಎತ್ತಿ, ಗಾಳಿಯಾಡುವಂತೆ ಇಟ್ಟು, ಒರೆಸಿ ಓಡಿಸುವುದು ಒಳ್ಳೆಯದು. ಕರೆಂಟು ಹೋಗಿ ಯಂತ್ರ ಮಧ್ಯದಲ್ಲಿ ನಿಂತಿದ್ದರೆ ಮರಳಿ ಶುರುಮಾಡಿದ ಮೇಲಿನ ಮೊದಲ ಶೀಟನ್ನು ಟೇಪ್ ಹಿಡಿದು ಅಳೆಯಬೇಕು.

ಬೆರಳು ಶೀಟಿಗಿಂತ ದೊಡ್ಡದು

ತಗಡು ಪಕ್ಕಕ್ಕೆ ಹೋಗುತ್ತಿದೆ ಎಂದು ಓಡುವ ಯಂತ್ರದಲ್ಲೇ ಅದನ್ನು ಕೈಯಿಂದ ತಳ್ಳುವುದು ಅತ್ಯಂತ ಅಪಾಯದ ಕೆಲಸ. ಕೈಗವಸು ಇದೆ ಎಂಬ ಧೈರ್ಯ ಇಲ್ಲಿ ಬೇಡ. ಅದು ತಗಡಿನ ಹರಿತ ಅಂಚಿನಿಂದ ಕಾಪಾಡುತ್ತದೆ, ಆದರೆ ತಿರುಗುವ ರೋಲರ್‌ಗೆ ಸಿಕ್ಕಿದರೆ ಕೈಯನ್ನೂ ಒಳಗೆ ಎಳೆಯುತ್ತದೆ. ಯಂತ್ರ ನಿಲ್ಲಿಸಿ, ಮೇನ್ ಸ್ವಿಚ್ ತೆಗೆದು, ಬೇರೆಯವರು ಹಾಕದಂತೆ ನೋಡಿಕೊಂಡೇ ಕೈಹಾಕಬೇಕು. ಕಾಯಿಲ್‌ಗೆ ಸುತ್ತಿದ ಉಕ್ಕಿನ ಪಟ್ಟಿ ಕತ್ತರಿಸುವಾಗ ತುದಿ ಸಿಡಿಯುತ್ತದೆ, ಎದುರಿಗೆ ನಿಲ್ಲಬಾರದು.

ಶೀಟು ಕೊಳ್ಳುವ ನಾವು ಏನು ನೋಡಬಹುದು?

ಗಾಡಿಯಿಂದ ಇಳಿಸಿದ ಕೂಡಲೇ ಮಾಡಿಗೆ ಏರಿಸಬೇಡಿ. ಸಮತಟ್ಟಾದ ಅಂಗಳದಲ್ಲಿ ಎರಡು ಶೀಟು ಇಟ್ಟು, ಒಂದನ್ನು ಬುಡ ತುದಿ ಬದಲಾಗುವಂತೆ ತಿರುಗಿಸಿ ಪಕ್ಕಪಕ್ಕ ಜೋಡಿಸಿ. ಬಾಗು ಇದ್ದರೆ ನಡುವಿನ ಸಂದು ಎರಡರಷ್ಟಾಗಿ ಕಾಣುತ್ತದೆ. ಒಂದೇ ದಿಕ್ಕಿನಲ್ಲಿಟ್ಟರೆ ಎರಡೂ ಒಂದೇ ರೀತಿ ಬಾಗಿ ತಪ್ಪು ಮುಚ್ಚಿಹೋಗುತ್ತದೆ. ಆಮೇಲೆ ಕೊನೆಯ ಉಬ್ಬಿನಿಂದ ಅಂಚಿಗೆ ಎಷ್ಟಿದೆ ಎಂದು ಒಂದೇ ಬದಿಯಲ್ಲಿ ಎರಡೂ ತುದಿಗಳಲ್ಲಿ ಅಳೆಯಿರಿ. ನಾಲ್ಕೈದು ಶೀಟುಗಳಲ್ಲಿ ಅಳತೆ ಬೇರೆ ಬೇರೆ ಬಂದರೆ ಸ್ಕ್ರೂ ಹೊಡೆಯುವ ಮುಂಚೆಯೇ ತಯಾರಕರಿಗೆ ತಿಳಿಸಿ. ತೂತು ಬಿದ್ದ ಶೀಟನ್ನು ವಾಪಸು ಕೊಡುವುದು ಕಷ್ಟ.

ಘಟಕದವರಿಗೂ ಇದರಲ್ಲಿ ಲಾಭವೇ. ಸ್ಪ್ಯಾನರ್ ಹಿಡಿಯುವ ಮೊದಲು ದಾರ, ಲೆವೆಲ್ ಪಟ್ಟಿ, ಟೇಪ್ ಹಿಡಿದು ಕಾಯಿಲ್ ಇರುವ ಕಡೆಗೆ ನಡೆದರೆ ತಗಡೂ ಉಳಿಯುತ್ತದೆ, ಯಂತ್ರವೂ ಉಳಿಯುತ್ತದೆ. ಮಳೆಗಾಲದಲ್ಲಿ ಯಾರದೋ ಮನೆಯ ಅಡಿಕೆ ಮೂಟೆಯೂ ಒಣಗಿರುತ್ತದೆ.