ಅಕ್ಕಡಿ ಸಾಲಿನ ಅವರೆ ಉಳಿಯಬೇಕು

ಹೋದ ಆಷಾಢದಲ್ಲಿ ಮಗಳ ಮನೆಗೆ ಹೋಗಿದ್ದೆ. ಅಮ್ಮ ಬಂದಿದ್ದಾಳೆಂದು ಅಕ್ಕರೆಯಿಂದ ಹಿತಕಿದ ಬೇಳೆ ಸಾರು ಮಾಡಿದ್ದಳು. ಅಂಗಡಿಯ ಫ್ರಿಜ್‌ನಿಂದ ತಂದ ಪ್ಯಾಕೆಟ್ ಬೇಳೆ. ತೆಂಗಿನಕಾಯಿ, ಗಸಗಸೆ, ಚಕ್ಕೆ, ಲವಂಗ ಎಲ್ಲ ಹದವಾಗಿ ಬಿದ್ದಿತ್ತು, ಸಬ್ಬಸಿಗೆ ಸೊಪ್ಪೂ ಇತ್ತು. ಅವರೆಯ ಘಮ ಮಾತ್ರ ಇರಲಿಲ್ಲ. ಮೊಮ್ಮಗ ಒಂದು ತುತ್ತು ಮುದ್ದೆ ನುಂಗಿ, "ಅಜ್ಜಿ, ಇದು ಬಟಾಣಿನಾ?" ಅಂದ. ಆ ಮಾತು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ನಾನು ಹೊಸಕೋಟೆ ಕಡೆಯವಳು. ನಮ್ಮಲ್ಲಿ ಅವರೆಗೆಂದೇ ಹೊಲ ಬಿಡುತ್ತಿರಲಿಲ್ಲ. ರಾಗಿ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಹಾಕುವುದು: ಅವರೆ, ಜೋಳ, ಹುಚ್ಚೆಳ್ಳು, ಅಲ್ಲೊಂದು ಇಲ್ಲೊಂದು ಹರಳು ಗಿಡ. ಈ ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ರಾಗಿ ಕೊಯ್ದು ಮೆದೆ ಹಾಕಿದ ಮೇಲೂ ಬಳ್ಳಿ ಹೊಲದಲ್ಲೇ ಇರುತ್ತದೆ. ಅಷ್ಟು ಹೊತ್ತಿಗೆ ಮಳೆ ಹೋಗಿರುತ್ತದೆ, ಬೀಳುವುದು ಬರೀ ಇಬ್ಬನಿ. ಆ ಇಬ್ಬನಿ ಕುಡಿದೇ ಕಾಯಿಗೆ ಸೊಗಡು ಏರುತ್ತದೆ ಅನ್ನುತ್ತಿದ್ದಳು ನಮ್ಮಜ್ಜಿ. ಬೆಳಗಿನ ಜಾವ ಬಿಡಿಸಿದ ಕಾಯಿಯನ್ನು ಬೆರಳಲ್ಲಿ ಉಜ್ಜಿದರೆ ಎಣ್ಣೆಯಂಥ ಜಿಡ್ಡು ಅಂಟುತ್ತದೆ. ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಕೈ ಘಮ್ಮೆನ್ನುತ್ತದೆ.

ಈಗ ವರ್ಷವಿಡೀ ಅವರೆ ಸಿಗುವುದು ಸುಮ್ಮನೆ ಅಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳು ಹಗಲಿನ ಉದ್ದಗಿಡ್ಡ ನೋಡುವುದಿಲ್ಲ. ಬೇಸಿಗೆಯಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ಬೋರ್‌ವೆಲ್ ನೀರಿರುವ ರೈತನ ಕೈಗೆ ಅದರಿಂದ ನಾಲ್ಕು ಕಾಸು ಬಂದರೆ ನನಗೆ ಸಂತೋಷವೇ. ನನ್ನ ಸಂಕಟ ಮಳೆ ನಂಬಿದ ಹೊಲದ ಅಕ್ಕಡಿ ಸಾಲಿನದು. ನಮ್ಮೂರಿಗೆ ರಾಗಿ ಕೊಯ್ಯುವ ಯಂತ್ರ ಬಂದಿದೆ. ಅದು ಇಳಿಯಬೇಕಾದರೆ ಹೊಲದಲ್ಲಿ ರಾಗಿ ಬಿಟ್ಟು ಬೇರೇನೂ ಇರಬಾರದು. ನನ್ನ ಅಣ್ಣನೂ ಅಕ್ಕಡಿ ಬಿಟ್ಟ. ಯಾಕಣ್ಣಾ ಅಂದರೆ, "ಆಳು ಸಿಕ್ಕಿದ್ರೆ ಯಾಕಮ್ಮಾ ಬಿಡ್ತಿದ್ದೆ?" ಅಂದ. ಅವನನ್ನು ಹೇಗೆ ತಪ್ಪು ಅನ್ನಲಿ?

ರಾಗಿಗೆ ಸರ್ಕಾರ ಬೆಂಬಲ ಬೆಲೆ ಕೊಟ್ಟು ಕೊಳ್ಳುತ್ತದೆ. ಒಳ್ಳೆಯದು. ಹಾಗೆಯೇ ಅಕ್ಕಡಿ ಉಳಿಸಿಕೊಂಡ ಹೊಲಕ್ಕೆ ಎಕರೆಗಿಷ್ಟು ಎಂದು ಕೈಹಿಡಿಯಲಿ. ಊರೂರಿನ ನಾಟಿ ಬೀಜವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಇಟ್ಟು ಹಂಚಲಿ. ಅಡುಗೆ ಮಾಡುವ ನಾವೂ ಅಷ್ಟು ಮಾಡಬೇಕು. ಪುಷ್ಯದಲ್ಲಿ ಕೊಳ್ಳೋಣ, ಕಾಯನ್ನೇ ಕೊಳ್ಳೋಣ, ಮೂಸಿ ನೋಡಿ ಕೊಳ್ಳೋಣ. ಸೊಗಡಿನ ಕಾಯಿಗೆ ಹತ್ತು ರೂಪಾಯಿ ಜಾಸ್ತಿ ಕೇಳಿದರೆ ಚೌಕಾಸಿ ಬೇಡ. ಒಂದೆರಡು ಹುಳ ಬಂದರೆ ಬರಲಿ, ಬಿಡಿಸುವಾಗ ತೆಗೆದು ಹಾಕಿದರಾಯಿತು.

ಈ ಸಂಕ್ರಾಂತಿಗೆ ಮಗಳು, ಮೊಮ್ಮಗ ನಮ್ಮ ಮನೆಗೇ ಬಂದರು. ಐದು ಕೆಜಿ ಕಾಯಿ ತಂದು ನಡುಮನೆಯಲ್ಲಿ ಪೇಪರ್ ಹಾಸಿ ಸುರಿದೆವು. ಬಿಡಿಸಿದ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಮೂವರೂ ಹಿತಕಲು ಕೂತೆವು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಳು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಹುಡುಗನ ಬೇಳೆ ಪಾತ್ರೆಗೆ ಬಿದ್ದದ್ದಕ್ಕಿಂತ ಗೋಡೆಗೆ ಬಡಿದದ್ದೇ ಹೆಚ್ಚು. ಸಾರು ಕುದಿಯುವಾಗ ಅವನೇ ಅಡುಗೆಮನೆ ಬಾಗಿಲಿಗೆ ಬಂದು ನಿಂತ. ಈ ಸಲ ಬಟಾಣಿನಾ ಎಂದು ಕೇಳಲಿಲ್ಲ.

ಬಲಿತ ಕಾಯಿ ಒಂದು ಬೊಗಸೆ ಆರಿಸಿ ಬೀಜಕ್ಕೆಂದು ಒಣಗಿಸಿಟ್ಟಿದ್ದೇನೆ. ಅಣ್ಣನಿಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಂತ್ರ ತಿರುಗೋ ಜಾಗ ಬಿಟ್ಟು ಬದು ಪಕ್ಕ ನಾಕು ಸಾಲು ಹಾಕ್ತೀನಿ. ಬಿಡಿಸ್ಕೊಳ್ಳೋಕೆ ಮಾತ್ರ ನೀನೇ ಬರ್ಬೇಕು" ಅಂದ.

ಬರುತ್ತೇನೆ ಅಂದಿದ್ದೇನೆ. ಮೊಮ್ಮಗನನ್ನೂ ಕರೆದುಕೊಂಡು.